ಹೊಳಪಿಗೆ ಕೊಡುವ ದುಡ್ಡು

ನಮ್ಮ ಕಡೆ ಹಳೆಯ ಕತ್ತಿ ಮಾರಬೇಕು ಅಂದುಕೊಂಡವರು ಮೊದಲು ಮಾಡುವ ಕೆಲಸ ಅಂದರೆ ಅದನ್ನು ತಿಕ್ಕುವುದು. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಿಂದಿನವರ ರೂಢಿ. ಈಗ ಎಮರಿ ಪೇಪರ್ ಬಂದಿದೆ. ಅದೂ ಸಾಲದಿದ್ದರೆ ಗೇಟು ಗ್ರಿಲ್ಲು ಮಾಡುವ ಅಂಗಡಿಗೆ ಒಯ್ದು ಬಫಿಂಗ್ ಚಕ್ರಕ್ಕೆ ಹಿಡಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಅಲಗು ಸ್ಟೀಲ್ ತಟ್ಟೆಯ ಹಾಗೆ ಬೆಳ್ಳಗಾಗುತ್ತದೆ. ಕೊಳ್ಳುವವರು ಬರುತ್ತಾರೆ, ‘ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ’ ಅನ್ನುತ್ತಾರೆ, ದುಡ್ಡು ಕೊಟ್ಟು ಒಯ್ಯುತ್ತಾರೆ. ಇಬ್ಬರಿಗೂ ಸಂತೋಷ. ಆ ಚಕ್ರದ ಕೆಳಗೆ ಪುಡಿಯಾಗಿ ಬಿದ್ದದ್ದು ಏನು ಅನ್ನೋದು ಮಾತ್ರ ಇಬ್ಬರಿಗೂ ಗೊತ್ತಿರುವುದಿಲ್ಲ.

ಇದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ನಾನು ವ್ಯಾಪಾರಿ ಅಲ್ಲ. ಕೆಲಸದ ಮೇಲೆ ಕೆಲವು ವರ್ಷ ಜಪಾನಿನಲ್ಲಿ ಇದ್ದಾಗ ಹಳೆಯ ಕತ್ತಿಗಳ ಹುಚ್ಚು ಹಿಡಿಯಿತು, ಊರಿಗೆ ಬಂದ ಮೇಲೂ ಬಿಡಲಿಲ್ಲ. ಕೈಯಲ್ಲಿ ಬಡಿದು ಮಾಡಿದ ಕತ್ತಿ ಎಲ್ಲಾದರೂ ಮಾರಾಟಕ್ಕಿದೆ ಅಂತ ಕೇಳಿದರೆ ಕೊಳ್ಳುವ ಶಕ್ತಿ ಇಲ್ಲದಿದ್ದರೂ ಹೋಗಿ ನೋಡಿ ಬರುತ್ತೇನೆ. ಹೀಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ನನಗೆ ಖಾತ್ರಿಯಾಗಿದೆ. ಕೊಳ್ಳುವವನು ಯಾವುದಕ್ಕೆ ದುಡ್ಡು ಕೊಡುತ್ತಾನೋ ಅದನ್ನೇ ಮಾರುವವನು ಉಳಿಸುತ್ತಾನೆ. ತುಕ್ಕಿಗೆ ಬೆಲೆ ಕಟ್ಟುವ ಊರಿನಲ್ಲಿ ತುಕ್ಕು ಉಳಿದಿದೆ. ಹೊಳಪಿಗೆ ಬೆಲೆ ಕಟ್ಟುವ ಊರಿನಲ್ಲಿ ಹೊಳಪು ಬಿಟ್ಟು ಬೇರೇನೂ ಉಳಿಯುತ್ತಿಲ್ಲ.

ಹಿಡಿಯೊಳಗಿನ ತುಕ್ಕು

ಜಪಾನಿನ ಕತ್ತಿ ಅಂಗಡಿಗಳು ಬಹುಪಾಲು ಹಳೆಯ ಮಾಲಿನ ಅಂಗಡಿಗಳೇ. ಅಲ್ಲಿ ಕತ್ತಿ ಮಾಡುವವನಿಗೆ ಸರ್ಕಾರದ ಪರವಾನಗಿ ಬೇಕು. ಅದಕ್ಕೆ ಮೊದಲು ಪರವಾನಗಿ ಇರುವ ಕಮ್ಮಾರನೊಬ್ಬನ ಹತ್ತಿರ ಕನಿಷ್ಠ 5 ವರ್ಷ ಶಿಷ್ಯನಾಗಿ ದುಡಿದಿರಬೇಕು. ಪರವಾನಗಿ ಸಿಕ್ಕ ಮೇಲೂ ಉದ್ದನೆಯ ಕತ್ತಿಯಾದರೆ ತಿಂಗಳಿಗೆ 2, ಗಿಡ್ಡದಾದರೆ 3, ಅಷ್ಟೇ ಮಾಡಬಹುದು. ಹಾಗಾಗಿ ಪೇಟೆಯಲ್ಲಿ ಕೈ ಬದಲಾಗುವುದು ಹೆಚ್ಚಾಗಿ ನೂರು, ಇನ್ನೂರು, ನಾನೂರು ವರ್ಷ ಹಿಂದಿನವು. ಎಲ್ಲವೂ ದುಬಾರಿ ಅಂತಲೂ ಅಲ್ಲ. ಸಹಿ ಇಲ್ಲದ ಸಾಧಾರಣ ಗಿಡ್ಡ ಕತ್ತಿ, ಅಲ್ಲಿ ವಾಕಿಜಾಶಿ ಅನ್ನುತ್ತಾರೆ, ಒಂದು ಒಳ್ಳೆಯ ಮೊಬೈಲಿನ ಬೆಲೆಗೂ ಸಿಗುತ್ತದೆ.

ಟೋಕಿಯೋದ ಒಂದು ಸಣ್ಣ ಅಂಗಡಿಯಲ್ಲಿ ನಾನು ಅಂಥದ್ದೇ ಒಂದನ್ನು ತೋರಿಸಿ ಅಂದೆ. ಅಂಗಡಿಯ ಯಜಮಾನರು ವಯಸ್ಸಾದವರು. ಮೊದಲು ನನ್ನ ಕೈಗೆ ರೇಷ್ಮೆ ಬಟ್ಟೆ ಕೊಟ್ಟರು. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಒರೆಯಿಂದ ತೆಗೆದ ಮೇಲೆ ಬಾಯಿ ಬಿಡಬೇಡಿ ಅಂತ ಸನ್ನೆ ಮಾಡಿದರು. ಮಾತಾಡಿದರೆ ಉಗುಳಿನ ಹನಿ ಅಲಗಿನ ಮೇಲೆ ಬೀಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮೇಜಿನ ಮೇಲೆ ಒಂದು ಬಲ್ಬ್ ಇತ್ತು. ಅದರ ಬೆಳಕು ಓರೆಯಾಗಿ ಬೀಳುವಂತೆ ಅಲಗನ್ನು ಹಿಡಿಯುವುದನ್ನು ತೋರಿಸಿಕೊಟ್ಟರು. ಆಗ ಅಲಗಿನ ಬಾಯಿಯ, ಅಂದರೆ ಹರಿತ ಅಂಚಿನ, ಉದ್ದಕ್ಕೂ ಮಸುಕು ಬಿಳಿಯ ಪಟ್ಟಿಯೊಂದು ಏರಿಳಿಯುತ್ತಾ ಹೋದದ್ದು ಕಾಣಿಸಿತು. ಹದ ಹಾಕುವ ಮುಂಚೆ ಕಮ್ಮಾರ ಅಲಗಿಗೆ ಮಣ್ಣು ಮೆತ್ತುತ್ತಾನೆ. ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕಾದ ಅಲಗನ್ನು ನೀರಿಗೆ ಅದ್ದಿದಾಗ ತೆಳು ಮಣ್ಣಿನ ಕಡೆ ಬೇಗ ಆರಿ ಗಟ್ಟಿಯಾಗುತ್ತದೆ. ಆ ಗಟ್ಟಿಯೂ ಮೆತ್ತಗಿನದೂ ಕೂಡುವ ಗೆರೆಯೇ ಆ ಪಟ್ಟಿ. ಬೆಳಕು ಸ್ವಲ್ಪ ಸರಿದರೂ ಮಾಯವಾಗುತ್ತಿತ್ತು.

ನನಗೆ ಅಷ್ಟೇ ಸಾಕಾಗಿತ್ತು. ಆದರೆ ಅವರು ನಿಲ್ಲಿಸಲಿಲ್ಲ. ಹಿಡಿಯಲ್ಲಿದ್ದ ಬಿದಿರಿನ ಮೊಳೆಯನ್ನು ತಟ್ಟಿ ತೆಗೆದರು. ಎಡಗೈಯಲ್ಲಿ ಹಿಡಿಯನ್ನು ಓರೆಯಾಗಿ ಎತ್ತಿ ಹಿಡಿದು, ಬಲಗೈ ಮುಷ್ಟಿಯಿಂದ ಎಡಗೈ ಮಣಿಕಟ್ಟಿಗೆ ಮೆಲ್ಲಗೆ ಒಂದೆರಡು ಏಟು ಕೊಟ್ಟರು. ಅಲಗು ಸಡಿಲವಾಗಿ ಮೇಲೆ ಬಂತು. ಹಿಡಿಯೊಳಗೆ ಕೂತಿದ್ದ ಆ ಒಂದು ಗೇಣು ಕಬ್ಬಿಣ ಪೂರಾ ತುಕ್ಕು. ಕೆಂಪು ತುಕ್ಕಲ್ಲ, ಕಪ್ಪಿಗೆ ಹತ್ತಿರದ ಕಂದು. ಅದರ ಮೇಲೆ ಅರ ಉಜ್ಜಿದ ಓರೆ ಗೆರೆಗಳು ಇನ್ನೂ ಬೆರಳಿಗೆ ಸಿಗುವಷ್ಟು ಸ್ಪಷ್ಟವಾಗಿದ್ದವು. ಎರಡು ತೂತು. ಒಂದು ಮೊದಲಿನದು, ಇನ್ನೊಂದು ಯಾರೋ ಕತ್ತಿಯನ್ನು ತಮ್ಮ ಅಳತೆಗೆ ಗಿಡ್ಡ ಮಾಡಿಸಿಕೊಂಡಾಗ ಕೊರೆಸಿದ್ದು. ಇದನ್ನು ಯಾರಾದರೂ ತಿಕ್ಕಿ ಬೆಳ್ಳಗೆ ಮಾಡಿದ್ದರೆ ನಾನು ಈ ಕತ್ತಿಯನ್ನು ಕೊಳ್ಳುತ್ತಲೇ ಇರಲಿಲ್ಲ ಅಂದರು ಅವರು. ಅಷ್ಟು ಹೊತ್ತು ನಾನು ಬೆರಗಾಗಿ ನೋಡುತ್ತಿದ್ದ ಅಲಗಿನ ಬಗ್ಗೆ ಅವರು ಹೆಚ್ಚು ಮಾತಾಡಿರಲಿಲ್ಲ. ಈ ತುಕ್ಕಿನ ಬಗ್ಗೆ ಮಾತಾಡಲು ಶುರು ಮಾಡಿದ ಮೇಲೆ ಟೀ ಬಂತು, ಟೀ ತಣ್ಣಗೂ ಆಯಿತು.

ಅವರ ಮಾತಿನಲ್ಲಿ ನನಗೆ ದಕ್ಕಿದ್ದು ಇಷ್ಟು. ಅಲಗನ್ನು ಎಷ್ಟು ಸಲ ಬೇಕಾದರೂ ಸಾಣೆ ಹಿಡಿದಿರಬಹುದು. ಹಿಡಿಯೊಳಗಿನ ಭಾಗ ಮಾತ್ರ, ಯಾರೂ ಕತ್ತಿಯನ್ನು ಗಿಡ್ಡ ಮಾಡಿಸದಿದ್ದರೆ, ಮಾಡಿದ ದಿನದಿಂದ ಹಾಗೇ ಇರುತ್ತದೆ. ಅದರ ತುಕ್ಕಿನ ಬಣ್ಣ ವಯಸ್ಸು ಹೇಳುತ್ತದೆ. ಅರದ ಗೆರೆ ಯಾವ ಕಡೆಗೆ ಓರೆಯಾಗಿದೆ ಅನ್ನುವುದು ಯಾವ ಪರಂಪರೆಯ ಕಮ್ಮಾರ ಅನ್ನುವುದಕ್ಕೆ ಸುಳಿವು. ಕಮ್ಮಾರ ಸಹಿ ಕೊರೆಯುವುದೂ ಅಲ್ಲೇ. ಸಹಿಯ ಗೀರಿನೊಳಗಿನ ತುಕ್ಕಿಗೂ ಸುತ್ತಲಿನ ತುಕ್ಕಿಗೂ ತಾಳೆಯಾಗದಿದ್ದರೆ ಅದು ಆಮೇಲೆ ಕೆತ್ತಿದ ಸುಳ್ಳು ಸಹಿ. ಸುಳ್ಳು ಸಹಿ ಅಲ್ಲಿ ಹೊಸ ರೋಗವೂ ಅಲ್ಲ. 17ನೇ ಶತಮಾನದ ಕೊತೆತ್ಸು ಅನ್ನುವ ಕಮ್ಮಾರನ ಹೆಸರಿನಲ್ಲಿ ಎಷ್ಟು ಸುಳ್ಳು ಕತ್ತಿ ಬಂದಿವೆ ಅಂದರೆ, ಕೊತೆತ್ಸು ಕಂಡರೆ ಸುಳ್ಳು ಅಂತಲೇ ತಿಳಿ ಅನ್ನುವ ಮಾತು ಅಲ್ಲಿ ಚಾಲ್ತಿಯಲ್ಲಿದೆ. ಇಂಥ ಪೇಟೆಯಲ್ಲಿ ಕೊಳ್ಳುವವನಿಗೆ ಇರುವ ಗಟ್ಟಿ ಸಾಕ್ಷಿ ಆ ತುಕ್ಕು. ಅದಕ್ಕೇ ಅದನ್ನು ಯಾರೂ ಮುಟ್ಟುವುದಿಲ್ಲ.

ಹಾಗಾದರೆ ಅಲಗು ಅಷ್ಟು ಹೊಳೆಯುತ್ತಿತ್ತಲ್ಲ, ಅದು ತಿಕ್ಕಿದ್ದಲ್ವಾ ಅಂತ ನೀವು ಕೇಳಬಹುದು. ಹೌದು, ಸಾಣೆ ಹಿಡಿದದ್ದೇ. ಆದರೆ ಅದಕ್ಕೇ ಬದುಕು ಕೊಟ್ಟವರು ಒಂದಾದ ಮೇಲೊಂದು ನಯವಾದ ಕಲ್ಲುಗಳಲ್ಲಿ ವಾರಗಟ್ಟಲೆ ಕೂತು ಮಾಡುವ ಕೆಲಸ ಅದು. ಸಾಧಾರಣ ಕತ್ತಿಯಾದರೆ ಅದರ ಬೆಲೆಗಿಂತ ಸಾಣೆಯ ಕೂಲಿಯೇ ಜಾಸ್ತಿ ಆಗುವುದುಂಟು. ಎಷ್ಟೇ ನಾಜೂಕಾಗಿ ಮಾಡಿದರೂ ಪ್ರತಿ ಸಾಣೆಯೂ ಒಂದಿಷ್ಟು ಉಕ್ಕನ್ನು ತಿನ್ನುತ್ತದೆ. ಮೇಲಿನ ಗಟ್ಟಿ ಉಕ್ಕು ಸವೆದರೆ ಒಳಗಿನ ಮೆತ್ತಗಿನ ಕಬ್ಬಿಣ ಹಣಕುತ್ತದೆ. ಅಂಥದ್ದನ್ನು ಅಲ್ಲಿನವರು ದಣಿದ ಕತ್ತಿ ಅನ್ನುತ್ತಾರೆ. ಹಾಗಾಗಿ ತಿಳಿದವರು ಕೊಳ್ಳುವಾಗ ಎಷ್ಟು ಹೊಳೆಯುತ್ತದೆ ಅಂತ ನೋಡುವುದಿಲ್ಲ, ಇನ್ನು ಎಷ್ಟು ಸಾಣೆಗೆ ತಡೆದೀತು ಅಂತ ನೋಡುತ್ತಾರೆ. ಬಾಯಿಯಲ್ಲಿ ಕೂದಲೆಳೆಯಷ್ಟು ಅಡ್ಡ ಬಿರುಕು ಕಂಡರೂ ಮಾತು ಮುಗಿಯಿತು, ಕೆಳಗಿಡುತ್ತಾರೆ.

ಅಂಗಡಿಯವರು ಕತ್ತಿಯ ಜೊತೆಗಿದ್ದ ನೋಂದಣಿ ಚೀಟಿಯನ್ನೂ ತೋರಿಸಿದರು. ಅದರಲ್ಲಿ ಕತ್ತಿಯ ಉದ್ದ, ಬಾಗು, ಹಿಡಿಯೊಳಗಿನ ತೂತುಗಳ ಸಂಖ್ಯೆ, ಸಹಿ ಇದ್ದರೆ ಸಹಿ, ಇಷ್ಟೂ ಬರೆದಿರುತ್ತದೆ. ಮಾಲೀಕನ ಹೆಸರು ಇರುವುದಿಲ್ಲ. ಚೀಟಿ ಕತ್ತಿಗೆ ಸೇರಿದ್ದು, ಕತ್ತಿ ಹೋದಲ್ಲಿ ಅದೂ ಹೋಗುತ್ತದೆ. ಕೊಂಡವನು 20 ದಿನದೊಳಗೆ ಆ ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ತಿಳಿಸಬೇಕು. ಪೊಲೀಸರಿಗಲ್ಲ, ಶಿಕ್ಷಣ ಮಂಡಳಿಗೆ! ಇದಲ್ಲದೆ 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣಾ ಸಂಘವೊಂದು ಕತ್ತಿಗಳನ್ನು ಪರೀಕ್ಷಿಸಿ ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ಪತ್ರ ಇದ್ದರೆ ಬೆಲೆ ಏರುತ್ತದೆ. ಆದರೂ ಹಳಬರು ಹೇಳುವುದು, ಪತ್ರ ಕೊಳ್ಳಬೇಡ, ಕತ್ತಿ ಕೊಳ್ಳು ಅಂತ.

ಅಲ್ಲಿನದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆಯಿಂದ ಬಂದ ಕತ್ತಿಗಳಿಗೆ ಅಲ್ಲಿ ನೋಂದಣಿ ಇಲ್ಲ, ಸಿಕ್ಕರೆ ನಾಶ ಮಾಡುತ್ತಾರೆ. ಅವೂ ಚರಿತ್ರೆಯೇ ಅಲ್ವಾ ಅನ್ನಿಸುತ್ತದೆ. ಇನ್ನೊಂದು ಸಂಕಟದ ವಿಷಯ, ಈಗ ಬದುಕಿರುವ ಕಮ್ಮಾರನ ಹತ್ತಿರ ದೊಡ್ಡ ಮೊತ್ತ ಕೊಟ್ಟು ಮಾಡಿಸಿದ ಹೊಸ ಕತ್ತಿಯನ್ನು ಮರುಮಾರಾಟಕ್ಕೆ ಇಟ್ಟರೆ ಹಾಕಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸತ್ತವನ ಕೆಲಸಕ್ಕೆ ಇರುವ ಗಿರಾಕಿ ಇದ್ದವನ ಕೆಲಸಕ್ಕೆ ಇಲ್ಲ.

ಮಾವನ ಮನೆಯ ತಲವಾರು

ಬಾಗಲಕೋಟೆ ಕಡೆ ನಮ್ಮ ಸೋದರಮಾವನ ಮನೆಯಲ್ಲಿ ಒಂದು ತಲವಾರು ಇದೆ. ಖಂಡೇನವಮಿಗೆ ಕುರುಪಿ, ಕುಡಗೋಲು, ಕೊಡಲಿ ಜೊತೆ ಅದನ್ನೂ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಉಳಿದ ದಿನ ಜ್ವಾಳದ ಚೀಲಗಳ ಹಿಂದೆ ಗೋಡೆಗೆ ಒರಗಿರುತ್ತದೆ. ಒರೆ ಯಾವಾಗಲೋ ಹುಳ ತಿಂದು ಹೋಗಿದೆ. ಹೋದ ವರ್ಷ ಊರಿಗೆ ಹೋದಾಗ ಮಾವ ಅದನ್ನು ತಂದು ನನ್ನ ಮುಂದಿಟ್ಟರು.

“ಏನಪಾ, ಇದಕ್ಕ ಎಷ್ಟ ಬರಬಹುದು?”

“ಯಾಕ್ರಿ ಮಾವ, ಮಾರಬೇಕಂತೀರೇನು?”

“ಒಬ್ಬಾಂವ ಬಂದಿದ್ದ ನೋಡಾಕ. ತಿಕ್ಕಿಸಿ ಇಡ್ರಿ, ಮಿಂಚಬೇಕು, ಐದು ಸಾವಿರ ಜಾಸ್ತಿ ಕೊಡ್ತೀನಿ ಅಂದ.”

ನಾನು ಅದನ್ನು ಪಡಸಾಲೆಯಿಂದ ಕಟ್ಟೆಗೆ, ಬೆಳಕಿಗೆ ತಂದೆ. ಹಿಡಿ ಪೂರಾ ಕಬ್ಬಿಣದ್ದು, ತುದಿಯಲ್ಲಿ ದುಂಡನೆಯ ಬಿಲ್ಲೆ. ಕಂದು ತುಕ್ಕಿನ ಕೆಳಗೆ ಕಣ್ಣಿಟ್ಟು ನೋಡಿದರೆ ಒಂದರ ಮೇಲೊಂದು ಅಡ್ಡಡ್ಡ ಹಾಯ್ದ ಸಣ್ಣ ಗೀರುಗಳು. ಒಂದೆರಡು ಕಡೆ ಆ ಗೀರುಗಳಿಗೆ ಕಚ್ಚಿಕೊಂಡು ಬೆಳ್ಳಿ ಇನ್ನೂ ಉಳಿದಿತ್ತು. ಕಬ್ಬಿಣದ ಮೈಯನ್ನು ಹೀಗೆ ಗೀರಿ ಒರಟು ಮಾಡಿ, ಅದರ ಮೇಲೆ ಬಂಗಾರದ ಅಥವಾ ಬೆಳ್ಳಿಯ ತಂತಿ ಇಟ್ಟು ಬಡಿದು ಕೂರಿಸುವ ಕೆಲಸ ಅದು. ಅಂಟಿಲ್ಲ, ಬೆಸುಗೆಯಿಲ್ಲ, ಗೀರೇ ಆಧಾರ. ಎಮರಿ ಪೇಪರ್ ನಾಲ್ಕು ಸಲ ಆಡಿಸಿದರೆ ಬೆಳ್ಳಿಯೂ ಹೋಗುತ್ತದೆ, ಗೀರೂ ಹೋಗುತ್ತದೆ. ಆಮೇಲೆ ಅಲ್ಲಿ ಹೂಬಳ್ಳಿ ಇತ್ತು ಅಂತ ಹೇಳಲು ಯಾವ ಗುರುತೂ ಇರುವುದಿಲ್ಲ. ಬಿಲ್ಲೆಯ ಒಳಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಕುಟ್ಟಿದ ಸಾಲೊಂದಿತ್ತು. ಮಾವ ಅದನ್ನು ಇಷ್ಟು ವರ್ಷ ತುಕ್ಕಿನ ತೂತು ಅಂತಲೇ ತಿಳಿದಿದ್ದರು. ಅದು ಶಸ್ತ್ರಾಗಾರದ ಲೆಕ್ಕದ ಗುರುತು.

ಚುಕ್ಕಿಗಳು ಎಷ್ಟು ಮಾತಾಡಬಲ್ಲವು ಅನ್ನುವುದಕ್ಕೆ ಆದೋನಿ ಕೋಟೆಯ ಉದಾಹರಣೆ ಸಾಕು. ಈಗ ಆಂಧ್ರದಲ್ಲಿದೆ, 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಬಿಜಾಪುರದ ಆದಿಲಶಾಹಿ ಮುಳುಗಿದ ಮೇಲೆ, 1689ರಲ್ಲಿ, ಮೊಗಲರ ಕಡೆಯ ಸರದಾರನಾಗಿದ್ದ ಬಿಕಾನೇರಿನ ಅನೂಪ್ ಸಿಂಗ್ ಆ ಕೋಟೆಯ ಆಯುಧಗಳನ್ನು ತನ್ನ ಊರಿಗೆ ಒಯ್ದ. ಅವುಗಳ ಹಿಡಿಯ ಮೇಲೆ ಇದೇ ರೀತಿ ಚುಕ್ಕಿ ಕುಟ್ಟಿಸಿ ದೇವನಾಗರಿಯಲ್ಲಿ ಆದೋನಿ ಅಂತ ಬರೆಸಿದ. ಅವುಗಳಲ್ಲಿ ಕೆಲವು ಆಮೇಲೆ ಮಾರಾಟವಾಗಿ ಪರದೇಶದ ಮ್ಯೂಸಿಯಂ ಸೇರಿವೆ. ಇವತ್ತು ದಖ್ಖನಿನ ಕತ್ತಿ ಹೇಗಿತ್ತು ಅಂತ ಓದುವವರಿಗೆ ಅವೇ ಅಳತೆಗೋಲು, ಯಾಕೆಂದರೆ ಅವು ಎಲ್ಲಿಂದ ಬಂದವು ಅನ್ನುವುದು ಖಚಿತ. ಬರೀ ಒಂದು ಸಾಲು ಚುಕ್ಕಿ. ಅದನ್ನು ಯಾರಾದರೂ ದಸರೆಗೆ ತಿಕ್ಕಿಬಿಟ್ಟಿದ್ದರೆ ಅವು ಯಾವುದೋ ಊರಿನ ಯಾವುದೋ ಕತ್ತಿಗಳಾಗಿರುತ್ತಿದ್ದವು.

ಅಲಗಿನ ಕಥೆ ಇನ್ನೂ ಸೂಕ್ಷ್ಮ. ನಮ್ಮ ನಾಡಿನಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕಿಗೆ ಒಂದು ಕಾಲಕ್ಕೆ ಪ್ರಪಂಚವೇ ಕಾಯುತ್ತಿತ್ತು. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿದಾಗ ಆ ಕುಲುಮೆಗಳ ಕೆಲಸವನ್ನು ಕೂತು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಆ ಉಕ್ಕಿನ ಅಲಗಿನಲ್ಲಿ ನೀರಿನ ಅಲೆಯಂತೆ ನವುರಾದ ಗೆರೆಗಳಿರುತ್ತವೆ. ತಿಕ್ಕಿದರೆ ಅವು ಮರೆಯಾಗುತ್ತವೆ. ಬರೀ ಮರೆಯಾಗಿದ್ದರೆ ತಿಳಿದವರು ಮದ್ದು ಹಚ್ಚಿ ಮತ್ತೆ ಎಬ್ಬಿಸಬಹುದು. ಆದರೆ ಬಫಿಂಗ್ ಚಕ್ರದಲ್ಲಿ ಅಲಗು ನೀಲಿಗಟ್ಟುವಷ್ಟು ಬಿಸಿಯಾದರೆ ಹದವೇ ಕೆಡುತ್ತದೆ, ಅದಕ್ಕೆ ಮದ್ದಿಲ್ಲ. ಇನ್ನೊಂದು ಕಡೆ, ಗಿರಾಕಿಗೆ ಆ ಗೆರೆ ಇಷ್ಟ ಅಂತ ಗೊತ್ತಾದ ಕೂಡಲೇ ಹೊಸ ಅಲಗಿನ ಮೇಲೆ ಆ್ಯಸಿಡ್‌ನಿಂದ ಗೆರೆ ಎಳೆದು ಹಳೆಯದು ಅಂತ ಮಾರುವವರೂ ಬಂದಿದ್ದಾರೆ. ಅಂಥ ಗೆರೆ ಬರೀ ಮೇಲ್ಮೈಯಲ್ಲಿ ಇರುತ್ತದೆ, ಒಂದೇ ತೆರನಾಗಿ ಪುನರಾವರ್ತನೆ ಆಗುತ್ತದೆ. ಒಮ್ಮೆ ನಿಜವಾದದ್ದನ್ನು ಬಿಸಿಲಿನಲ್ಲಿ ನೋಡಿದವರು ಮತ್ತೆ ಮೋಸ ಹೋಗುವುದು ಕಷ್ಟ.

ಕೊಳ್ಳುವವರು ನೋಡಲೇಬೇಕಾದ ಇನ್ನೊಂದು ಜಾಗ ಹಿಡಿಯೂ ಅಲಗೂ ಕೂಡುವ ಸಂದು. ನಮ್ಮ ತಲವಾರುಗಳಲ್ಲಿ ಜಪಾನಿನ ಹಾಗೆ ಬಿದಿರಿನ ಮೊಳೆ ಇರುವುದಿಲ್ಲ. ಹಿಡಿಯ ಪೊಳ್ಳಿಗೆ ಅರಗಿನಂಥ ಅಂಟನ್ನು ಕಾಯಿಸಿ ತುಂಬಿ, ಅಲಗಿನ ಬಾಲವನ್ನು ಅದರಲ್ಲಿ ನೆಟ್ಟು ಬಿಡುತ್ತಾರೆ. ಬಿಸಿ ಮಾಡಿದರೆ ಬಿಡುತ್ತದೆ, ಇನ್ನೊಂದು ಅಲಗು ಕೂರುತ್ತದೆ. ಹಿಂದಿನ ಕಾಲದಲ್ಲೂ ಇದು ಸಹಜವಾಗಿ ನಡೆಯುತ್ತಿತ್ತು. ಸಮುದ್ರ ದಾಟಿ ಬಂದ ಯುರೋಪಿನ ಅಲಗುಗಳನ್ನು ದಖ್ಖನಿನವರು ಇಷ್ಟಪಟ್ಟು ತಮ್ಮ ಹಿಡಿಗೆ ಕೂರಿಸಿಕೊಂಡಿದ್ದಾರೆ, ಅವಕ್ಕೆ ಫಿರಂಗಿ ಅಂತಲೇ ಹೆಸರು. ಅದು ಕತ್ತಿಯ ಬಾಳಿನ ಒಂದು ಭಾಗ, ತಪ್ಪೇನಿಲ್ಲ. ಆದರೆ ಹೋದ ತಿಂಗಳು ಮುರುಕು ಹಿಡಿಗೆ ಹೊಸ ಅಲಗು ನೆಟ್ಟು ಮುನ್ನೂರು ವರ್ಷದ್ದು ಅನ್ನುವುದು ಬೇರೆ. ಸಂದಿನಲ್ಲಿ ಹೊಸ ಅಂಟು ಇಣುಕುತ್ತಿದೆಯಾ, ಅಲಗು ಹಿಡಿಯ ನಡುವಿಗೆ ಸರಿಯಾಗಿ ಕೂತಿದೆಯಾ, ಎರಡರ ಸವೆತವೂ ಒಂದಕ್ಕೊಂದು ಹೊಂದುತ್ತದೆಯಾ ಅಂತ ನೋಡಬೇಕು. ಇದನ್ನೆಲ್ಲ ನೋಡಲು ಸಾಧ್ಯವಾಗುವುದು ತಿಕ್ಕದೇ ಇದ್ದಾಗ ಮಾತ್ರ.

ಯಾರ ಕೈಯಲ್ಲಿತ್ತು ಅನ್ನುವ ಬೆಲೆ

ಕತ್ತಿ ಹರಾಜು ಅಂದಕೂಡಲೇ ಕನ್ನಡಿಗರಿಗೆ ನೆನಪಾಗುವುದು ಟಿಪ್ಪುವಿನ ಕತ್ತಿಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಸೊತ್ತು ಹಂಚಿಕೆಯಾಯಿತು, ಕತ್ತಿಗಳು ಹಡಗು ಹತ್ತಿದವು. 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದನ್ನು ವಿಜಯ್ ಮಲ್ಯ ಕೊಂಡಾಗ ಇಲ್ಲಿ ಎಷ್ಟು ಮಾತಾಯಿತು ಅನ್ನೋದು ನಿಮಗೂ ನೆನಪಿರಬಹುದು. 2023ರ ಮೇ ತಿಂಗಳಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಇನ್ನೊಂದು ಕತ್ತಿ, ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ್ದು, ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ದಾಳಿಯ ಮುಂದಾಳತ್ವ ವಹಿಸಿದ್ದ ಡೇವಿಡ್ ಬೇರ್ಡ್‌ಗೆ ಆಗ ಉಡುಗೊರೆಯಾಗಿ ಕೊಟ್ಟಿದ್ದ ಕತ್ತಿ ಅದು. ಯಾರಿಂದ ಯಾರಿಗೆ ಬಂತು ಅನ್ನುವುದಕ್ಕೆ ದಾಖಲೆ ಇದ್ದದ್ದರಿಂದಲೇ ಆ ಬೆಲೆ.

ಇಲ್ಲಿ ದುಡ್ಡು ಹೋದದ್ದು ಹೊಳಪಿಗಲ್ಲ, ಹೆಸರಿಗೆ. ಅದನ್ನು ನಾನು ಕಡಿಮೆ ಮಾಡುವುದಿಲ್ಲ, ಒಂದು ರಾಜ್ಯದ ಕೊನೆಯ ದಿನವನ್ನು ಕಂಡ ವಸ್ತು ಅದು. ಆದರೆ ಈ ಸುದ್ದಿಗಳು ಬಂದ ಮೇಲೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೇರೆಯೇ ಒಂದು ರೂಢಿ ಕಂಡಿದ್ದೇನೆ. ಪ್ರತಿ ಕತ್ತಿಗೂ ಒಬ್ಬ ರಾಜ ಬೇಕು. ಚಿತ್ರದುರ್ಗದ್ದು, ಕಿತ್ತೂರಿನದ್ದು, ಕೆಳದಿಯದ್ದು. ಹೇಗೆ ಗೊತ್ತು ಅಂದರೆ ಉತ್ತರ ಇಲ್ಲ. ಆ ಕತ್ತಿಯನ್ನು ನಿಜವಾಗಿ ಇಟ್ಟುಕೊಂಡಿದ್ದ ಮನೆಯ ಹೆಸರು, ಊರು ಕೇಳಿದರೆ ಅದೂ ಇಲ್ಲ, ಯಾಕೆಂದರೆ ತಂದವನಿಂದ ಯಾರೂ ಕೇಳಿಕೊಂಡಿಲ್ಲ. ನಿಜವಾದ ಸಣ್ಣ ಕಥೆಯನ್ನು ಬಿಸಾಡಿ ಸುಳ್ಳು ದೊಡ್ಡ ಕಥೆ ಕಟ್ಟುವುದು ನನಗೆ ಚಕ್ರಕ್ಕೆ ಹಿಡಿಸಿದಷ್ಟೇ ನೋವಿನ ವಿಷಯ. ಊರ ಕಾವಲಿಗೆ ಜಮೀನು ಪಡೆದಿದ್ದ ಒಬ್ಬ ಶೇತ್‌ಸನದಿಯ ಮನೆಯಲ್ಲಿ, ಊರ ಚಾಕರಿ ಮಾಡುತ್ತಿದ್ದ ಒಬ್ಬ ವಾಲೀಕಾರನ ಮನೆಯಲ್ಲಿ ಐದು ತಲೆಮಾರು ಇದ್ದ ಕತ್ತಿಗೆ ರಾಜನ ಹಂಗು ಯಾಕೆ ಬೇಕು?

ಮಾರುವ ಮುಂಚೆ

ಮಾರಲೇಬಾರದು ಅಂತ ನಾನು ವಾದಿಸುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಮಳೆ ಕೈಕೊಟ್ಟ ವರ್ಷ ಗೋಡೆಗೆ ಒರಗಿದ ಕಬ್ಬಿಣ ದುಡ್ಡಾಗುವುದಾದರೆ ಬೇಡ ಅನ್ನಲು ನಾನು ಯಾರು? ಆದರೆ ಕಾನೂನು ತಿಳಿದಿರಬೇಕು. ನೂರು ವರ್ಷ ದಾಟಿದ ಕತ್ತಿ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಂಥದ್ದರ ವ್ಯಾಪಾರ ಮಾಡುವವನಿಗೆ ಪರವಾನಗಿ ಇರಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಆಯುಧಗಳ ನಿಯಮದಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಪಟ್ಟಿಯೊಳಗೆ ಬರುತ್ತದೆ, ಮನೆಗೆಲಸ, ಹೊಲ, ವಿಜ್ಞಾನ, ಕೈಗಾರಿಕೆಯ ಉಪಕರಣಗಳಿಗೆ ಮಾತ್ರ ವಿನಾಯಿತಿ. ಕೊಡಗಿನಲ್ಲಿ ಹಳೆಯ ಪೀಚೆಕತ್ತಿಗಳಿಗೆ ಆನೆದಂತದ ಹಿಡಿ ಇರುವುದುಂಟು. ಅವನ್ನಂತೂ ಮಾರುವಂತಿಲ್ಲ, ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಕೊಳ್ಳುವವರಿಗೆ ನನ್ನದೊಂದೇ ಬೇಡಿಕೆ. ತುಕ್ಕು ಹಿಡಿದದ್ದಕ್ಕೆ ಬೆಲೆ ಇಳಿಸಬೇಡಿ, ತಿಕ್ಕಿದ್ದಕ್ಕೆ ಇಳಿಸಿ. ಯಾಕೆ ಇಳಿಸಿದೆ ಅಂತ ಮಾರುವವನಿಗೆ ಬಾಯಿಬಿಟ್ಟು ಹೇಳಿ. ನಾಲ್ಕು ಗಿರಾಕಿಗಳು ಹೀಗೆ ಹೇಳಿದರೆ ಐದನೆಯ ಕತ್ತಿಯನ್ನು ಅವನು ಚಕ್ರಕ್ಕೆ ಹಿಡಿಸುವುದಿಲ್ಲ. ಟೋಕಿಯೋದ ಆ ಯಜಮಾನರು ತುಕ್ಕನ್ನು ಕಾಪಾಡುತ್ತಿದ್ದದ್ದು ಭಕ್ತಿಯಿಂದ ಮಾತ್ರ ಅಲ್ಲ, ಅವರ ಗಿರಾಕಿಗಳು ಅದನ್ನು ಕೇಳುತ್ತಿದ್ದರು ಅಂತ.

ಮಾವನಿಗೆ ನಾನು ಬೆಲೆ ಹೇಳಲಿಲ್ಲ. ಮೆತ್ತಗಿನ ಬಟ್ಟೆಯಿಂದ ಧೂಳು ಒರೆಸಿ, ಹೊಲಿಗೆ ಮಷೀನಿನ ಎಣ್ಣೆಯನ್ನು ತೆಳುವಾಗಿ ಸವರಿದೆ. ಚುಕ್ಕಿಗಳ ಫೋಟೋ ತೆಗೆದೆ. ಆಮೇಲೆ ಅತ್ತೆ, ಮಾವ ಇಬ್ಬರನ್ನೂ ಕೂರಿಸಿಕೊಂಡು ಈ ಕತ್ತಿ ಯಾರ ಕಾಲದಿಂದ ಮನೆಯಲ್ಲಿದೆ ಅಂತ ಕೇಳಿದೆ. ಮಾವ ತಮ್ಮ ಅಜ್ಜನವರೆಗೆ ಹೇಳಿ ನಿಲ್ಲಿಸಿದರು. ಅತ್ತೆ ನಡುವೆ ಬಾಯಿ ಹಾಕಿ, “ಅಲ್ರೀ, ನಿಮ್ಮ ಆಯಿ ಹೇಳ್ತಿದ್ಲಲ್ಲ, ಇದು ಆಕಿ ತವರಮನಿಯಿಂದ ಬಂದದ್ದಂತ” ಅಂದರು. ಮಾವನಿಗೆ ಅದು ಮರೆತೇ ಹೋಗಿತ್ತು. ಆಯಿಯ ತವರು ಯಾವ ಊರು, ಅಲ್ಲಿ ಈಗ ಯಾರಿದ್ದಾರೆ ಅಂತ ಇಬ್ಬರ ನಡುವೆ ಮಾತು ಬೆಳೆಯಿತು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿ, ತಾರೀಖು ಹಾಕಿಸಿ, ಮಾವನ ಸಹಿ ತೆಗೆದುಕೊಂಡೆ. ಮಾರುವುದಾದರೆ ಈ ಹಾಳೆಯೂ ಕತ್ತಿಯ ಜೊತೆ ಹೋಗಬೇಕು ಅಂತ ಹೇಳಿದ್ದೇನೆ. ಆಗಲಿ ಅಂದಿದ್ದಾರೆ. ಆ ದಲ್ಲಾಳಿ ಇನ್ನೊಂದು ಸಲ ಬಂದು ಹೋಗಿದ್ದಾನಂತೆ, ತಿಕ್ಕಿಸಿಲ್ಲ ಅಂತ ಬೇಜಾರು ಮಾಡಿಕೊಂಡನಂತೆ. ಮಾವ ಇನ್ನೂ ಏನೂ ತೀರ್ಮಾನ ಮಾಡಿಲ್ಲ.